ಹಿಡಿಯುವ ಲೇಪ, ಕಟ್ಟುವ ಲೇಪ

ಆ ವರ್ಷ ನಮ್ಮೂರಲ್ಲಿ ಪೊರೆ ಬಿಡುವ ಕಾಲ ಹದಿನೈದು ದಿನ ಮುಂಚೆಯೇ ಬಂದುಬಿಟ್ಟಿತು. ನನ್ನ ಕೊಪ್ಪರಿಗೆಗಳು ಇನ್ನೂ ಖಾಲಿ ಬಿದ್ದಿದ್ದವು. ಜನಕ್ಕೆ ಅದೆಲ್ಲ ಎಲ್ಲಿ ಅರ್ಥವಾಗುತ್ತದೆ? ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದೇ ತಡ, ಒಬ್ಬಳು ಭುಜದ ಹತ್ತಿರ ಬಿರಿದ ಚರ್ಮವನ್ನು ಸೆರಗಿನಿಂದ ಅವುಚಿಕೊಂಡು ನಿಂತಿದ್ದಳು. ಇನ್ನೊಬ್ಬನಿಗೆ ಹಣೆಯಿಂದ ಮೂಗಿನವರೆಗೂ ಪೊರೆ ಬಿಟ್ಟು ಜೋತುಬಿದ್ದಿತ್ತು. "ಹೊಂಬಾಳಕ್ಕ, ಬೇಗ ಕೊಡಕ್ಕ, ಮಧ್ಯಾಹ್ನಕ್ಕೆಲ್ಲ ಪೂರ್ತಿ ಬಂದ್ಬುಡ್ತದೆ" ಅಂತ ಒಂದೇ ಸಮನೆ ಗಲಾಟೆ. "ಒಂದು ವರ್ಷ ಮೈಮೇಲೆ ಇದ್ದದ್ದು ಇನ್ನೊಂದು ಗಳಿಗೆ ಇದ್ರೆ ಏನೂ ಆಗಲ್ಲ, ಸುಮ್ಕಿರಿ" ಅಂತ ನಾನೂ ಗದರಿದೆ. ಗದರದೆ ಹೋದರೆ ಈ ಊರಲ್ಲಿ ಲೇಪದ ಅಂಗಡಿ ನಡೆಸಲಾಗುವುದಿಲ್ಲ.

ನನ್ನ ಲೇಪ ಹುಟ್ಟುವುದು ರೇಷ್ಮೆ ಗೂಡು ಬೇಯಿಸಿದ ನೀರಿನಲ್ಲಿ. ನೂಲು ಬಿಚ್ಚಿದ ಮೇಲೆ ಬೇಸಿನ್ನಿನಲ್ಲಿ ಉಳಿಯುವ ಅಂಟು ನೀರನ್ನು ಬೇರೆ ಊರವರು ಚರಂಡಿಗೆ ಚೆಲ್ಲುತ್ತಾರಂತೆ. ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಅಂಟಿನ ತುಂಬ ಇರುವುದೇ ಅಮಿನೊ ಆಮ್ಲ! ನಮ್ಮೂರಲ್ಲಿ ಈ ಹೆಸರು ಉಪ್ಪು ಹುಳಿಯಷ್ಟೇ ಸಲೀಸು. ಹಲ್ಲು ಬಿದ್ದ ಮುದುಕಿಯೂ "ಸೆರೀನ್ ಜಾಸ್ತಿ ಇರೋದು ಕೊಡವ್ವ" ಅಂತ ಕೇಳಿ ಒಯ್ಯುತ್ತಾಳೆ. ಅಂಟನ್ನು ಹುಳಿ ಹಾಕಿ ಮೂರು ದಿನ ಕುದಿಸಿ ಒಡೆಸಿದರೆ ಸೆರೀನ್, ಗ್ಲೈಸಿನ್, ಅಲನಿನ್ ಎಲ್ಲ ಬಿಡಿಬಿಡಿಯಾಗಿ ಇಳಿಯುತ್ತವೆ. ಇವು ನೀರು ಹಿಡಿಯುವವು. ಎಳೆ ಚರ್ಮಕ್ಕೆ ಹಚ್ಚಿದರೆ ಮೈ ಬಿಗಿಯುವುದಿಲ್ಲ, ಉರಿಯುವುದಿಲ್ಲ, ಬಿರಿಯುವುದಿಲ್ಲ. ಇನ್ನು ಕಾಲು ಮೂಳೆ, ಗೊರಸು ಕುದಿಸಿ ತೆಗೆಯುವ ಪ್ರೋಲಿನ್, ಲೈಸಿನ್ ಇದಾವಲ್ಲ, ಅವು ಕಟ್ಟುವವು. ಸುಟ್ಟ ಗಾಯಕ್ಕೋ ಮುದುಕರ ಸವೆದ ಚರ್ಮಕ್ಕೋ ಒಂದು ಬೊಟ್ಟು, ಅಷ್ಟೇ. ಆ ಸೀಸೆಗಳನ್ನು ಕಪಾಟಿನ ಮೇಲಿನ ಅಂಕಣದಲ್ಲಿ ಇಡುತ್ತೇನೆ. ಹಿಡಿಯುವುದನ್ನು ಜೀವ ಇರುವುದಕ್ಕೂ ಇಲ್ಲದ್ದಕ್ಕೂ ಹಚ್ಚಬಹುದು, ಕಟ್ಟುವುದನ್ನು ಜೀವ ಇರುವುದಕ್ಕೆ ಮಾತ್ರ ಹಚ್ಚಬೇಕು ಅಂತ ನನ್ನ ಅತ್ತೆ ಕೆಲಸ ಕಲಿಸಿದ ಮೊದಲ ದಿನವೇ ಹೇಳಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಿಟ್ಟ ಪೊರೆ ಒಂಬತ್ತು ದಿನ ಮನೆಯಲ್ಲಿರುತ್ತದೆ. ಮೈಯಿಂದ ಕಳಚಿದ ಗಳಿಗೆಗೇ ಗಾಳಿ ತುಂಬಿಕೊಂಡು ಎದ್ದು ನಿಂತು, ಆ ಮನುಷ್ಯ ವರ್ಷವೆಲ್ಲ ಏನು ಹೆಚ್ಚಾಗಿ ಮಾಡಿದ್ದನೋ ಅದನ್ನೇ ಮಾಡಲು ಶುರುಮಾಡುತ್ತದೆ. ನನ್ನದು ಮೂಲೆಯಲ್ಲಿ ನಿಂತು ಖಾಲಿ ಕೈಯಲ್ಲಿ ಕೊಪ್ಪರಿಗೆ ಕದಡುತ್ತದೆ. ನನ್ನ ಗಂಡನದು ಕಟ್ಟೆಯ ಮೇಲೆ ಕೂತು ಕಿವಿ ತುರಿಸಿಕೊಳ್ಳುತ್ತದೆ. ಪುಣ್ಯಾತ್ಮರು ವರ್ಷವಿಡೀ ಮಾಡಿದ್ದೂ ಅಷ್ಟೇ. ಪೊರೆ ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಕೂತ ಕಡೆ ತೂಕ ಇರುವುದಿಲ್ಲ. ಅಡುಗೆಮನೆಯಲ್ಲಿ ಅಡ್ಡ ಸಿಕ್ಕರೆ ಮೊರದಿಂದ ಮೆಲ್ಲಗೆ ಆಚೆ ಸರಿಸುತ್ತೇವೆ. ಹೆಸರು ಹಿಡಿದು ಕರೆಯುವುದಿಲ್ಲ. ದಿನಕ್ಕೊಂದು ಸಲ ಕೋಳಿ ಪುಕ್ಕದಲ್ಲಿ ಹಿಡಿಯುವ ಲೇಪ ಸವರುತ್ತೇವೆ, ಇಲ್ಲವಾದರೆ ಒಣಗಿ ಹಪ್ಪಳದ ಹಾಗೆ ಒಡೆದು ಅನ್ನಕ್ಕೆ ಉದುರುತ್ತದೆ. ಬರಿಗೈ ಮಾತ್ರ ತಾಗಿಸುವುದಿಲ್ಲ. ಒಂಬತ್ತನೆಯ ದಿನ ಹಿತ್ತಲಿನ ತಂತಿಗೆ ಹಾಕಿ ಬಿಸಿಲಿಗೆ ಬಿಟ್ಟರೆ ಸಂಜೆಗೆ ಹುಡಿಯಾಗುತ್ತದೆ. ತೋಟದ ಜವರಪ್ಪ ಮೊರ ಹಿಡಿದು ಮನೆಮನೆಗೂ ಬಂದು, ಆ ಹುಡಿಯನ್ನು ಒಯ್ದು ಹಿಪ್ಪುನೇರಳೆ ಗಿಡಗಳ ಬುಡಕ್ಕೆ ಹಾಕುತ್ತಾನೆ. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುತ್ತದೆ, ಆ ಗೂಡಿನ ಅಂಟು ಮತ್ತೆ ನನ್ನ ಕೊಪ್ಪರಿಗೆಗೆ ಬರುತ್ತದೆ. ಪರವೂರಿನವರು ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಿಕೊಳ್ಳಲಿ ಬಿಡಿ, ಅವರ ಮೊಣಕಾಲು ಹಿಮ್ಮಡಿ ನೋಡಿದರೆ ಗೊತ್ತಾಗುತ್ತದೆ ಅವರ ಹಣೆಬರಹ.

ನನ್ನ ತಂಗಿ ದ್ಯಾವಮ್ಮ ನೂಲು ಬಿಚ್ಚುವ ಕೆಲಸದವಳು. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಅವಳಿಗಿದ್ದದ್ದು ಒಬ್ಬಳೇ ಮಗಳು, ಲಚ್ಚಿ. ಒಂಬತ್ತು ವರ್ಷದ ಬಾಯಿಬಡುಕಿ. ನನಗೆ ಮಕ್ಕಳಿಲ್ಲ, ಹಾಗಾಗಿ ಆ ಹುಡುಗಿ ಹಗಲೆಲ್ಲ ನನ್ನ ಅಂಗಡಿಯಲ್ಲೇ ಇದ್ದು, ಸೀಸೆಗಳ ಬಿರಡೆ ಅದಲುಬದಲು ಮಾಡಿ, ಬಂದವರ ಮೂಗು ಕಿವಿಗೆಲ್ಲ ಹೆಸರಿಟ್ಟು, ನನ್ನಿಂದ ಬೈಸಿಕೊಂಡು, ನನ್ನ ತಟ್ಟೆಯಲ್ಲೇ ಉಂಡು ಮನೆಗೆ ಹೋಗುತ್ತಿದ್ದಳು. ಆ ವರ್ಷ ಅವಳ ಪೊರೆ ತಲೆಯಿಂದ ಕಿರುಬೆರಳಿನ ತನಕ ಒಂದೇ ತುಂಡಾಗಿ ಬಂತು. "ದೊಡ್ಡಮ್ಮ, ಎಲ್ಲೂ ಹರೀದೆ ಬಂತು ನೋಡು!" ಅಂತ ಬೀದಿಗೆಲ್ಲ ಸಾರಿಕೊಂಡು ಬಂದಳು. ನಾಲ್ಕನೆಯ ದಿನಕ್ಕೆ ಜ್ವರ ಹಿಡಿಯಿತು. ಎಳೆ ಚರ್ಮದ ಮೇಲೆ ಬಂದ ಜ್ವರ ಅದು, ಒಳಗಿನ ಕಾವು ಹೊರಗೆ ಹೋಗಲು ದಾರಿಯೇ ಸಿಗಲಿಲ್ಲ. ಆರನೆಯ ದಿನ ಬೆಳಿಗ್ಗೆ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋಗಿಬಿಟ್ಟಳು.

ಹೆಣವನ್ನು ಹೊರಗೆ ತರುವಾಗ ಅವಳ ಪೊರೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಒಂಟಿ ಕಾಲಲ್ಲಿ ನಾಲ್ಕು ಮನೆ ಹಾರಿ, ತಿರುಗಿ, ಮತ್ತೆ ನಾಲ್ಕು ಮನೆ. ಸದ್ದಿಲ್ಲ, ಧೂಳಿಲ್ಲ. ಚಟ್ಟ ಹೊತ್ತವರು ಅದರ ಆಟಕ್ಕೆ ಅಡ್ಡ ಬಾರದಂತೆ ಬಳಸಿಕೊಂಡು ಹೋದರು. ದ್ಯಾವಮ್ಮ ಮಾತ್ರ ಅಳುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತ ನಿಂತಳು.

ಒಂಬತ್ತನೆಯ ದಿನ ಜವರಪ್ಪ ಮೊರ ಹಿಡಿದು ಅವಳ ಬಾಗಿಲಿಗೆ ಬಂದ. ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ನಿಯಮ ಅನ್ನುವವನು. "ದ್ಯಾವವ್ವ, ತಂತಿಗೆ ಹಾಕ್ದಾ?" ಅಂದ.

"ಇವತ್ತು ಬ್ಯಾಡ ಕಣಣ್ಣ."

"ನಾಳೆಗೆ ಬರ್ಲಾ?"

"ಬ್ಯಾಡ."

ಜವರಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಹೋದ. ಆವತ್ತು ಅಂಗಡಿಯಿಂದ ಒಂದು ಕೊಡದ ತುಂಬ ಹಿಡಿಯುವ ಲೇಪ ಹೊತ್ತುಕೊಂಡು ಬಂದು ತಂಗಿಯ ಅಡುಗೆಮನೆಯಲ್ಲಿ ಇಟ್ಟವಳು ನಾನೇ. ನಾಲ್ಕು ದಿನ ಇರಲಿ, ಸಮಾಧಾನವಾದ ಮೇಲೆ ತಾನೇ ಬಿಡುತ್ತಾಳೆ ಅಂದುಕೊಂಡೆ.

ನಾಲ್ಕು ದಿನ ನಲವತ್ತು ದಿನವಾಯಿತು. ನನ್ನ ಲೇಪ ಅಂದರೆ ಸುಮ್ಮನೆಯಾ? ಪೊರೆ ಎಲ್ಲೂ ಒಡೆಯಲಿಲ್ಲ. ಊರೂ ಒಗ್ಗಿಕೊಂಡಿತು. ನೆರೆಮನೆಯವರು ತಮ್ಮ ಕಟ್ಟೆಯ ಮೇಲೆ ಅದು ಕೂತಿದ್ದರೆ ಸುತ್ತಲೂ ಗುಡಿಸಿ ಅಷ್ಟನ್ನು ಬಿಡುತ್ತಿದ್ದರು. ಮಕ್ಕಳು ಕುಂಟೆಬಿಲ್ಲೆಗೆ ಸೇರಿಸಿಕೊಂಡವು. ಸ್ವಲ್ಪ ದಿನದಲ್ಲೇ "ಅವ್ಳು ಔಟಾಗೋದೇ ಇಲ್ಲ" ಅಂತ ತಕರಾರು ತೆಗೆದು ಬಿಟ್ಟವು. ಶಾಲೆಯ ಮೇಷ್ಟ್ರು ಒಂದು ದಿನ ನನ್ನ ಅಂಗಡಿಗೆ ಬಂದು, ಕೆಮ್ಮಿ, "ಅಲ್ಲಾ ಹೊಂಬಾಳಮ್ಮನವರೇ, ಅದು ದಿನಾ ಬಂದು ಹಳೇ ಜಾಗದಲ್ಲೇ ಕೂತ್ಕೊಳುತ್ತೆ. ನಾನು ಹಾಜರಿ ಕೂಗುವಾಗ ಆ ಹೆಸರು ಕೂಗ್ಲೋ ಬೇಡ್ವೋ?" ಅಂತ ಕೇಳಿದರು. "ಕೂಗಬೇಡಿ ಸ್ವಾಮಿ" ಅಂದೆ. ಅವರು ತಲೆಯಾಡಿಸಿ ಹೋದರು. ಆದರೆ ಆ ಸಾಲಿಗೆ ಬಂದಾಗ ಒಂದು ಗಳಿಗೆ ನಿಲ್ಲಿಸಿ ಮುಂದೆ ಹೋಗುತ್ತಿದ್ದರಂತೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಅದರ ಕಾಲಿನ ಗಿಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಎಷ್ಟಾದರೂ ಅದು ಜೀವವಿಲ್ಲದ ಚರ್ಮ. ಮನುಷ್ಯನ ಮೈ ತನಗೆ ಬೇಕಾದ ಅಮಿನೊ ಆಮ್ಲವನ್ನು ತಿಂದ ಅನ್ನದಿಂದ ತಾನೇ ತೆಗೆದುಕೊಳ್ಳುತ್ತದೆ; ಇದಕ್ಕೆ ಎಲ್ಲವನ್ನೂ ಹೊರಗಿನಿಂದಲೇ ಕೊಡಬೇಕು, ಕೊಟ್ಟದ್ದನ್ನು ಉಳಿಸಿಕೊಳ್ಳಲು ಒಳಗೆ ಏನೂ ಇಲ್ಲ. ದ್ಯಾವಮ್ಮ ಮಧ್ಯಾಹ್ನದ ಹೊತ್ತು ಬಂದು ಅಂಗಡಿಯ ಬಾಗಿಲು ಮುಂದೆ ಮಾಡಿ ನಿಂತಳು.

"ಅಕ್ಕ, ಮೇಲಿನ ಅಂಕಣದ್ದು ಕೊಡು."

"ತಲೆ ಕೆಟ್ಟಿದ್ಯೇನೆ? ಅದು ಜೀವ ಇರೋರಿಗೆ."

"ಅವಳಿಗೂ ಜೀವ ಬರಲಿ."

"ದ್ಯಾವಿ, ಅದು ಲಚ್ಚಿ ಅಲ್ಲ ಕಣೆ."

"ನಂಗೊತ್ತು, ಅಲ್ಲ ಅಂತ." ಅವಳ ದನಿ ಒಂದು ಚೂರೂ ನಡುಗಲಿಲ್ಲ. "ಆದ್ರೆ ಬೇರೆ ಏನೈತೆ ನಂಗೆ? ಹೇಳು. ನಿಂಗೆ ಒಂದು ಮಗು ಇದ್ದು ಹೋಗಿದ್ರೆ ನೀನು ನನ್ನ ಕೇಳ್ತಾ ನಿಂತಿರ್ತಿದ್ದ್ಯಾ?"

ತಂಗಿಯ ಹಟಕ್ಕೆ ಕೊಟ್ಟೆ ಅಂತ ಊರವರಿಗೆಲ್ಲ ಹೇಳಿದ್ದೇನೆ. ಸುಳ್ಳು. ನನಗೂ ಬೇಕಿತ್ತು. ನನ್ನ ತಟ್ಟೆಯ ಮುಂದೆ ಒಂದು ದಿನ ಅದು ಬಂದು ಕೂತರೆ ಸಾಕು ಅಂತ ನನಗೆ ಅನ್ನಿಸಿ ಎಷ್ಟೋ ದಿನವಾಗಿತ್ತು. ಸ್ಟೂಲು ಹತ್ತಿ ಪ್ರೋಲಿನ್ ಲೈಸಿನ್ ಸೀಸೆಗಳನ್ನು ಇಳಿಸಿ, ಹಿಡಿಯುವ ಲೇಪದ ಬೋಗುಣಿಗೆ ಬೆರೆಸಿ ಕೊಟ್ಟೆ. ಬೊಟ್ಟಿನಷ್ಟು ಅಂದುಕೊಂಡು ಶುರುಮಾಡಿದ್ದು ಕೈಗೆ ಬಂದಷ್ಟಾಯಿತು. "ಪುಕ್ಕದಲ್ಲೇ ಸವರಬೇಕು, ನೆನಪಿರಲಿ" ಅಂದೆ.

"ಮಗಳಿಗೆ ಯಾರಾದ್ರೂ ಕೋಳಿ ಪುಕ್ಕದಲ್ಲಿ ಹಚ್ತಾರಾ?" ಅಂದಳು ದ್ಯಾವಮ್ಮ. ನಾನು ಸುಮ್ಮನಾದೆ. ಆ ಸುಮ್ಮನಾದದ್ದೇ ನನ್ನ ತಪ್ಪು.

ಒಂದು ವಾರದಲ್ಲಿ ಗಿಣ್ಣಿನ ಬಿರುಕು ಕೂಡಿಕೊಂಡಿತು. ಎರಡನೆಯ ವಾರ ದ್ಯಾವಮ್ಮ ಅದರ ಉಗುರು ಕತ್ತರಿಸಿದೆ ಅಂತ ಬಂದು ಹೇಳಿದಳು. ಹೇಳುವಾಗ ಎಷ್ಟು ಹಿಗ್ಗಿದ್ದಳೆಂದರೆ ನಾನೂ ಹಿಗ್ಗಿದೆ. ಆಮೇಲೆ ಒಂದು ದಿನ ಅವಳ ಮನೆಯಲ್ಲಿ ಕೂತಿದ್ದಾಗ ಹಗ್ಗದ ಮಂಚ ಕಿರ್ ಅಂತು. ತಿರುಗಿ ನೋಡಿದರೆ ಅದು ಕೂತಿದೆ. ಅದುವರೆಗೆ ಅದು ಕೂತಾಗ ಒಂದು ಹಗ್ಗವೂ ಅಲುಗಿದ್ದಿಲ್ಲ. ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಅದರ ಮೂಗಿನ ತುದಿಯ ಮೇಲೆ ಸಣ್ಣಸಣ್ಣ ಬೆವರ ಹನಿಗಳು ಮೂಡಿದ್ದವು. ನಾನು ಅಲ್ಲಿಂದ ಎದ್ದು ಬರಬೇಕಿತ್ತು. ಅದರ ಬದಲು ಮಾರನೆಯ ದಿನ ಸಂತೆಗೆ ಹೋಗಿ ಹಸಿರು ಲಂಗ ತಂದುಕೊಟ್ಟೆ. ತೊಡಿಸಿದರೆ ಸೊಂಟಕ್ಕೆ ಸರಿಯಾಗಿ ಕೂತಿತು, ಉದ್ದ ಮಾತ್ರ ಒಂದು ಬೆರಳು ಕಡಿಮೆಯಾಯಿತು. ಲಚ್ಚಿಯ ಅಳತೆ ನನ್ನ ಕಣ್ಣಳತೆ, ತಪ್ಪಲು ಸಾಧ್ಯವಿಲ್ಲ. ಅದು ಬೆಳೆದಿತ್ತು.

ಮೊದಲು ಬಂದು ಹೇಳಿದ್ದು ನೂಲು ಬಿಚ್ಚುವ ಹೆಂಗಸರು. "ಹೊಂಬಾಳಕ್ಕ, ನಿನ್ ತಂಗಿ ಇವತ್ತು ಬಿಸಿನೀರಿಗೆ ಕೈ ಇಕ್ಕಿ ಕಿರುಚ್ಕೊಂಡ್ಬುಟ್ಲು. ಇಪ್ಪತ್ತು ವರ್ಷ ಆ ನೀರಲ್ಲೇ ಕೈ ಆಡ್ಸಿರೋಳು!" ನಾನು ಓಡಿದೆ. ದ್ಯಾವಮ್ಮ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಬಿಡಿಸಿ ನೋಡಿದೆ. ಅಂಗೈಯಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಬೆರಳ ತುದಿಗಳು ಹಾಲಿನ ಕೆನೆಯಷ್ಟು ತೆಳ್ಳಗಾಗಿ ಒಳಗಿನ ಕೆಂಪು ಕಾಣುತ್ತಿತ್ತು. ಬೆರಳಿನಿಂದ ಮೊಣಕೈ ತನಕ, ಮಗಳಿಗೆ ಲೇಪ ಹಚ್ಚುವಾಗ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಹಾಗೇ.

ಆಗ ನನಗೆ ಅರ್ಥವಾಯಿತು, ಅತ್ತೆ ಹೇಳದೆ ಬಿಟ್ಟದ್ದು. ಕಟ್ಟುವುದು ಅಂದರೆ ಇಟ್ಟಿಗೆ ಬೇಕು. ನನ್ನ ಬೋಗುಣಿಯಲ್ಲಿ ಇದ್ದದ್ದು ನಾಲ್ಕು ಇಟ್ಟಿಗೆ. ಮಿಕ್ಕಿದ್ದನ್ನು ಆ ಪೊರೆ ಹಚ್ಚುವ ಕೈಯಿಂದಲೇ ಎಳೆದುಕೊಳ್ಳುತ್ತಿತ್ತು. ಪುಕ್ಕದಿಂದ ಸವರಿದ್ದರೆ ಏನೂ ಸಿಗದೆ ಬಿದ್ದುಹೋಗುತ್ತಿತ್ತೋ ಏನೋ. ತಾಯಿಯ ಬರಿಗೈ ಸಿಕ್ಕಿತು.

"ಇವತ್ತಿಗೆ ನಿಲ್ಲಿಸು" ಅಂದೆ. "ಅದು ನಿನ್ನ ತಿಂತಾ ಐತೆ ಕಣೆ, ಹುಚ್ಚಿ."

"ಹೊಟ್ಟೇಲಿದ್ದಾಗ ತಿನ್ನಲಿಲ್ವಾ? ತಿನ್ನಲಿ ಬುಡು."

ನಾನು ಲೇಪ ಕೊಡುವುದನ್ನು ನಿಲ್ಲಿಸಿದೆ. ಬೈದೆ, ಅತ್ತುಕರೆದೆ, ಅವಳ ಮನೆಯಲ್ಲಿದ್ದ ಬೋಗುಣಿಯನ್ನೂ ತಂದುಬಿಟ್ಟೆ. ಏನು ಪ್ರಯೋಜನ? ಅವಳು ಲೇಪವಿಲ್ಲದೆ ಬರಿಗೈಯನ್ನೇ ಸವರುತ್ತ ಕೂತಳು. ಆ ಪೊರೆಗೆ ಈಗ ನನ್ನ ಸೀಸೆಗಳು ಬೇಕಿರಲಿಲ್ಲ. ಮೈಗೆ ಮೈ ಒತ್ತಿ ಮಲಗಿದರೂ ಸಾಕಿತ್ತು.

ಐದನೆಯ ತಿಂಗಳಿಗೆ ದ್ಯಾವಮ್ಮ ಹಾಸಿಗೆ ಹಿಡಿದಳು. ಚಾಪೆ ಚುಚ್ಚುತ್ತದೆ ಅಂತ ಬಾಳೆ ಎಲೆಯ ಮೇಲೆ ಮಲಗಿಸಿದೆವು. ಸೀರೆ ಉಡಿಸಲಾಗುತ್ತಿರಲಿಲ್ಲ, ಹಳೆಯ ಪಂಚೆಯ ಮೆತ್ತನೆ ಬಟ್ಟೆಯೊಂದನ್ನು ಹೊದಿಸಿದ್ದೆ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಕುಡಿದದ್ದೆಲ್ಲ ಮೈಯಿಂದ ಹಾಗೇ ಜಿನುಗಿ ಎಲೆಯ ಮೇಲೆ ನಿಲ್ಲುತ್ತಿತ್ತು. ನನ್ನ ಹತ್ತಿರ ಇದ್ದ ಅತಿ ಒಳ್ಳೆಯ ಲೇಪ, ಮೊದಲ ಸಲ ಬೇಯಿಸಿ ತೆಗೆದದ್ದು, ತಂದು ಸುರಿದೆ. ಹರಿದುಹೋಯಿತು. ಹಿಡಿಯಲು ಚರ್ಮವೇ ಇಲ್ಲದಿದ್ದರೆ ಪಾಪ ಸೆರೀನ್ ಏನನ್ನು ಹಿಡಿದೀತು? ಕಟ್ಟುವುದನ್ನೂ ಹಚ್ಚಿದೆ. ಕಟ್ಟಲು ಅವಳ ಮೈಯಲ್ಲಿ ಇಟ್ಟಿಗೆ ಉಳಿದಿರಲಿಲ್ಲ. ಮೂವತ್ತು ವರ್ಷದ ಕಸುಬು ಒಂದು ಬೋಗುಣಿ ಬಗ್ಗಡದಂತೆ ಕಾಲ ಹತ್ತಿರ ಬಿದ್ದಿತ್ತು. ಅದು ಮಾತ್ರ ಮೂಲೆಯಲ್ಲಿ ಹಸಿರು ಲಂಗ ತೊಟ್ಟು, ಕೆನ್ನೆ ಹೊಳೆಯುತ್ತ, ಕಾಲು ಆಡಿಸುತ್ತ ಕೂತಿತ್ತು.

ಒಂದು ದಿನ ಮಧ್ಯಾಹ್ನ ಜವರಪ್ಪ ಬಂದ. ಮೊರ ತಂದಿರಲಿಲ್ಲ. ಬಾಗಿಲಲ್ಲೇ ನಿಂತು ತಾಯಿಯನ್ನು ನೋಡಿದ, ಮೂಲೆಯಲ್ಲಿದ್ದುದನ್ನು ನೋಡಿದ. ನನ್ನನ್ನು ಹೊರಗೆ ಕರೆದು ದನಿ ತಗ್ಗಿಸಿ, "ಒಂದು ಉಳೀತದೆ, ಎರಡೂ ಉಳಿಯಲ್ಲ ಹೊಂಬಾಳವ್ವ. ನಾನು ಮಾಡಬೌದು, ಆದ್ರೆ ಆ ತಾಯಿ ನನ್ನ ಶಾಪ ಹಾಕ್ಬುಡ್ತಾಳೆ. ನಿಂಗಾದ್ರೆ ಹಾಕಿದ್ರೂ ಅಕ್ಕ ಅನ್ನೋದು ಇರ್ತದೆ" ಅಂದ. ಅವನು ಹೋದ ಮೇಲೆ ನಾನು ಕಟ್ಟೆಯ ಮೇಲೆ ಕೂತೆ. ಒಳಗೆ ದ್ಯಾವಮ್ಮನ ಉಸಿರು ಕೇಳುತ್ತಿತ್ತು, ಒಣ ಸೊಪ್ಪನ್ನು ಎಳೆದ ಹಾಗೆ. ನನ್ನ ತಾಯಿಯ ಹೊಟ್ಟೆಯಲ್ಲಿ ನನ್ನ ನಂತರ ಬಂದವಳು. ಎದ್ದೆ. ಒಳಗೆ ಹೋಗಿ ಅದರ ಮಣಿಕಟ್ಟು ಹಿಡಿದೆ.

ಬೆಚ್ಚಗಿತ್ತು. ಹೇಳಬಾರದು, ಆದರೂ ಹೇಳುತ್ತೇನೆ, ಲಚ್ಚಿಯ ಕೈಯಷ್ಟೇ ಬೆಚ್ಚಗಿತ್ತು. ಹಿತ್ತಲಿಗೆ ಕರೆದುಕೊಂಡು ಹೋದೆ, ತಕರಾರಿಲ್ಲದೆ ಬಂತು. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು, ತಂತಿ ಕಾದು ಕೆಂಡವಾಗಿತ್ತು. ಎತ್ತಿ ತಂತಿಗೆ ಹಾಕಬೇಕು, ಅಷ್ಟೇ ಕೆಲಸ. ಕಂಕುಳ ಕೆಳಗೆ ಕೈಹಾಕಿ ಎತ್ತಿದೆ. ಭಾರವಿತ್ತು. ಮಕ್ಕಳನ್ನು ಎತ್ತಿಕೊಂಡಾಗ ಮಾಡುವ ಹಾಗೆ ಅದು ಎರಡೂ ಕಾಲನ್ನು ನನ್ನ ಸೊಂಟಕ್ಕೆ ಸುತ್ತಿತು. ನನ್ನ ಕೈಲಾಗಲಿಲ್ಲ. ಅಯ್ಯೋ, ನನ್ನ ಕೈಲಾಗಲಿಲ್ಲ. ನೆಲಕ್ಕಿಳಿಸಿ, ಕಲ್ಲಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತೆ.

ಅದು ತಾನಾಗಿಯೇ ಒಳಗೆ ಹೋಯಿತು. ಕಣ್ಣೊರೆಸಿಕೊಂಡು ಹಿಂದೆಯೇ ಹೋದೆ. ಬಾಳೆ ಎಲೆಯ ಪಕ್ಕದಲ್ಲಿ ಕೂತಿತ್ತು. ನಾನು ತಂದಿಟ್ಟಿದ್ದ ಬೋಗುಣಿಯಲ್ಲಿ ಕೈ ಅದ್ದಿ ತಾಯಿಯ ಅಂಗೈಗೆ ಲೇಪ ಹಚ್ಚಲು ಶುರುಮಾಡಿತ್ತು. ಪೊರೆ ತನಗೆ ಅಭ್ಯಾಸವಿದ್ದುದನ್ನು ಮಾತ್ರ ಮಾಡುತ್ತದೆ ಅಂತ ಈ ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಲಚ್ಚಿ ಬದುಕಿದ್ದಾಗ ತಾಯಿಯ ಕೈಗೆ ಒಂದು ದಿನವೂ ಲೇಪ ಹಚ್ಚಿದವಳಲ್ಲ. ಹಚ್ಚಿಸಿಕೊಳ್ಳುವುದಕ್ಕೇ ಹತ್ತು ಸಲ ಗೋಗರೆಸುತ್ತಿದ್ದಳು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಅದರ ಬೆರಳು ಸವೆಯುತ್ತಿದ್ದುದು ನನಗೆ ಮೊದಲು ಕಾಣಲಿಲ್ಲ. ಕಂಡದ್ದು ದ್ಯಾವಮ್ಮನ ಅಂಗೈಯಲ್ಲಿ ಬಿಳಿಚಾಗಿ, ತೆಳ್ಳಗೆ, ಚರ್ಮ ಕೂಡುತ್ತಿದ್ದುದು. ಗೆರೆಗಳು ಒಂದೊಂದಾಗಿ ಮೂಡಿದವು. ಆಮೇಲೆ ನೋಡಿದರೆ ಅದರ ಕಿರುಬೆರಳು ಇಲ್ಲ. ಸವರಿದಂತೆಲ್ಲ ಸೋಪಿನ ಬಿಲ್ಲೆಯ ಹಾಗೆ ಕರಗುತ್ತಿತ್ತು. ಬೆರಳುಗಳು ಮುಗಿದ ಮೇಲೆ ಅಂಗೈಯಿಂದ, ಅಂಗೈ ಮುಗಿದ ಮೇಲೆ ಮುಂಗೈಯಿಂದ, ಅವಸರವಿಲ್ಲದೆ, ಒಂದು ಜಾಗವನ್ನೂ ಬಿಡದೆ ತಾಯಿಯ ತೋಳು, ಭುಜ, ಕುತ್ತಿಗೆ ಸವರುತ್ತ ಹೋಯಿತು. ನೋವಿನ ಗುರುತು ಇರಲಿಲ್ಲ. ಒಂದು ಹನಿ ನೆಲಕ್ಕೆ ಬೀಳಲಿಲ್ಲ.

"ಸಾಕು ಲಚ್ಚಿ" ಅಂದೆ. ಬಾಯಿ ತಪ್ಪಿ ಹೆಸರು ಬಂದುಬಿಟ್ಟಿತು.

ಅದು ತಿರುಗಿ ನನ್ನನ್ನು ನೋಡಿತು. ನನ್ನ ಹಿಂದಿನ ಗೋಡೆಯನ್ನಲ್ಲ, ನನ್ನನ್ನೇ. ನೋಡಿ, ಮತ್ತೆ ತನ್ನ ಕೆಲಸಕ್ಕೆ ಬಗ್ಗಿತು.

ಈ ಮಾತನ್ನು ನಾನು ತಂಗಿಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಆ ಗಳಿಗೆಯಲ್ಲಿ ನಾನು ಎದ್ದು ಹೋಗಿ ಅದನ್ನು ಎಳೆದುಕೊಳ್ಳಬಹುದಿತ್ತು. ಕರೆದರೆ ತಿರುಗುವಂಥದ್ದು, ತನ್ನ ಬುದ್ಧಿಯಿಂದ ಒಂದು ಕೆಲಸ ಹಿಡಿದದ್ದು, ಅದು ಪೊರೆಯಾಗಿ ಉಳಿದಿರಲಿಲ್ಲ. ಏನಾಗಿತ್ತೋ ಅದಕ್ಕೆ ಹೆಸರಿಡುವ ಧೈರ್ಯ ನನಗಿಲ್ಲ. ಎಳೆದುಕೊಂಡಿದ್ದರೆ ತಂಗಿ ಹೋಗುತ್ತಿದ್ದಳು. ನಾನು ಹೊಸಿಲ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ನೋಡುತ್ತಲೇ ಇದ್ದೆ. ತೋಳುಗಳು ಮುಗಿದ ಮೇಲೆ ಅದು ತಾಯಿಯ ಎದೆಯ ಮೇಲೆ ಒರಗಿ ಕೆನ್ನೆಯಿಂದ ಉಜ್ಜಿತು. ಬಿಸಿಲು ಬಾಗಿಲಿನಿಂದ ಆಚೆ ಸರಿಯುವ ಹೊತ್ತಿಗೆ ಎಲೆಯ ಪಕ್ಕದಲ್ಲಿ ಹಸಿರು ಲಂಗ ಮಾತ್ರ ಬಿದ್ದಿತ್ತು. ದ್ಯಾವಮ್ಮನ ಉಸಿರು ಸರಾಗವಾಗಿತ್ತು.

ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು, "ಎಲ್ಲಿ?" ಅಂತ. ಸುಳ್ಳು ಹೇಳೋಣ ಅಂದುಕೊಂಡಿದ್ದೆ, ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ತಿರುಗಿ ನೋಡಿದ್ದನ್ನೂ ಹೇಳಿದೆ. ಅವಳು ತನ್ನ ಅಂಗೈಗಳನ್ನು ತುಂಬ ಹೊತ್ತು ನೋಡಿಕೊಂಡಳು. ಆಮೇಲೆ ಆ ಕೈಯಲ್ಲೇ ನನ್ನ ಕೆನ್ನೆಗೆ ಬಾರಿಸಿದಳು. "ಕೂತು ನೋಡ್ತಿದ್ದ್ಯಾ? ನೀನು ಕೂತು ನೋಡ್ತಿದ್ದ್ಯಾ?" ನಾನು ಇನ್ನೊಂದು ಕೆನ್ನೆಯನ್ನೂ ಕೊಡುತ್ತಿದ್ದೆ. ಆದರೆ ಅವಳು ಥಟ್ಟನೆ ಕೈಯನ್ನು ಹಿಂದೆ ಎಳೆದುಕೊಂಡು, ಹೊಡೆದ ಅಂಗೈಗೆ ಊದಿಕೊಂಡಳು, ಅದಕ್ಕೆ ನೋವಾಯಿತೇನೋ ಎಂಬಂತೆ.

ಆವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ನೂಲು ಬಿಚ್ಚುವ ಕೆಲಸವನ್ನೂ ಬಿಟ್ಟಳು. ಬಿಸಿನೀರಿಗೆ ಆ ಕೈ ಇಡಲು ಅವಳಿಗೆ ಮನಸ್ಸಿಲ್ಲ ಅಂತ ಜನ ಹೇಳಿದರು. ಬಿಸಿಲಿಗೆ ಬರುತ್ತಿರಲಿಲ್ಲ. ಮುಳ್ಳಿನ ಬೇಲಿಯ ಹತ್ತಿರ ಹೋಗುತ್ತಿರಲಿಲ್ಲ. ಸೊಳ್ಳೆ ಕಚ್ಚಿದರೂ ಕೆರೆದುಕೊಳ್ಳುತ್ತಿರಲಿಲ್ಲವಂತೆ. ವಾರಕ್ಕೊಮ್ಮೆ ಪಕ್ಕದ ಮನೆಯವಳ ಕೈಯಲ್ಲಿ ಪಾತ್ರೆ ಕಳಿಸಿ ಹಿಡಿಯುವ ಲೇಪ ತರಿಸಿಕೊಳ್ಳುತ್ತಿದ್ದಳು. ನ್ಯಾಯವಾಗಿ ಅವಳಿಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು. ನಾನು ಕೇಳದೆ ತುಂಬಿ ಕಳಿಸುತ್ತಿದ್ದೆ.

ನಿನ್ನೆ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಅವಳೇ ಬಂದಳು. ಮೈತುಂಬ ಸೆರಗು ಹೊದ್ದಿದ್ದಳು. ಬಂದವಳೇ ಬಾಗಿಲಿಗೆ ಅಗಳಿ ಹಾಕಿ, ನನ್ನ ಎದುರಿನ ಮಣೆಯ ಮೇಲೆ ಕೂತು, "ಅಕ್ಕ" ಅಂದಳು. ಅಷ್ಟು ತಿಂಗಳಾದ ಮೇಲೆ ಅವಳಾಡಿದ ಮೊದಲ ಮಾತು ಅದು.

ಸೆರಗು ಸರಿಸಿ ಎಡಗೈಯನ್ನು ಮುಂದೆ ಚಾಚಿದಳು. ಮಣಿಕಟ್ಟಿನ ಹತ್ತಿರ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಚರ್ಮ ಬೆಳ್ಳಗೆ ಎದ್ದು ನಿಂತಿತ್ತು.

"ಕಾಲ ಬಂತು ಕಣಕ್ಕ" ಅಂದಳು. "ಪೊರೆ ಬಿಡದ ಹಾಗೆ ಏನಾದ್ರೂ ಐತಾ ನಿನ್ ಹತ್ರ? ಒಂದೇ ಒಂದು ವರ್ಷ ಸಾಕು. ಇದು ಬಿಟ್ರೆ ಒಂಬತ್ತು ದಿನ. ಆಮೇಲೆ ಜವರಪ್ಪ ಬತ್ತಾನೆ."

ನಾನು ಎದ್ದೆ. ಕೆಳಗಿನ ಸಾಲು, ನಡುವಿನ ಸಾಲು, ಮೇಲಿನ ಅಂಕಣ, ಎಲ್ಲ ಸೀಸೆಗಳನ್ನೂ ಒಂದೊಂದಾಗಿ ಇಳಿಸಿ ನೋಡಿದೆ. ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅವಳ ಮುಖ ನೋಡುವುದನ್ನು ಎಷ್ಟು ಹೊತ್ತು ತಪ್ಪಿಸಬಹುದೋ ಅಷ್ಟು ಹೊತ್ತು ಹುಡುಕಿದೆ. ಹಿಡಿಯುವುದು ನೀರನ್ನು ಹಿಡಿಯುತ್ತದೆ, ಚರ್ಮವನ್ನು ಮೈಗೆ ಹಿಡಿದಿಡುವುದಿಲ್ಲ. ಕಟ್ಟುವುದನ್ನು ಹಚ್ಚಿದರೆ ಕೆಳಗಿನದು ಬೇಗ ಬೆಳೆದು ಮೇಲಿನದನ್ನು ಇನ್ನೂ ಬೇಗ ನೂಕುತ್ತದೆ.

"ಇಲ್ಲ ಕಣೆ ದ್ಯಾವಿ" ಅಂದೆ.

ಅವಳು ಅಳಲಿಲ್ಲ. ಬಲಗೈಯ ಹೆಬ್ಬೆರಳನ್ನು ಆ ಎದ್ದ ಜಾಗದ ಮೇಲೆ ಇಟ್ಟು ಒತ್ತಿ ಹಿಡಿದಳು. ಬಿಟ್ಟರೆ ಹೋಗುತ್ತದೆ ಅನ್ನುವ ಹಾಗೆ ಹಿಡಿದಳು. ಸ್ವಲ್ಪ ಹೊತ್ತಿಗೆ ಆ ಬೆರಳು ದಣಿಯಿತು. ನಾನು ಸೀಸೆಗಳನ್ನು ಅಲ್ಲೇ ಬಿಟ್ಟು, ಅವಳ ಪಕ್ಕದಲ್ಲಿ ಕೂತು, ಅವಳ ಹೆಬ್ಬೆರಳಿನ ಮೇಲೆ ನನ್ನದನ್ನೂ ಇಟ್ಟು ಒತ್ತಿದೆ. ಲೇಪಕ್ಕೆ ಬಂದವರು ಹೊರಗೆ ಬಾಗಿಲು ತಟ್ಟಿದರು, ಕೂಗಿದರು, ಬೈದುಕೊಂಡು ಹೋದರು. ನಾವಿಬ್ಬರೂ ಕೈ ತೆಗೆಯಲಿಲ್ಲ. ಬೆರಳ ಕೆಳಗೆ ಅದು ಬೆಚ್ಚಗೆ, ನಿಧಾನವಾಗಿ, ಮೇಲೇಳುತ್ತಲೇ ಇತ್ತು.